ನವೆಂಬರ್ 1: ಒಂದು ದಿನಾಂಕದ ಹಲವು ಚರಿತ್ರೆಗಳು

ಭಾರತದ ರಾಜ್ಯಗಳ ಹುಟ್ಟಿದ ದಿನಗಳನ್ನು ಪಟ್ಟಿಮಾಡಿದರೆ ನವೆಂಬರ್ 1ರಷ್ಟು ಹೆಸರುಗಳನ್ನು ಒಟ್ಟಿಗೆ ಹೊತ್ತ ದಿನ ಮತ್ತೊಂದು ದೊರೆಯುವುದಿಲ್ಲ. ಅಂದು ಕರ್ನಾಟಕದಲ್ಲಿ ರಾಜ್ಯೋತ್ಸವ, ಕೇರಳದಲ್ಲಿ ಕೇರಳ ಪಿರವಿ, ಆಂಧ್ರಪ್ರದೇಶದಲ್ಲಿ ರಾಜ್ಯಾವತರಣದ ದಿನಾಚರಣೆ. ಮಧ್ಯಪ್ರದೇಶ, ಹರಿಯಾಣ, ಛತ್ತೀಸಗಡಗಳ ಹುಟ್ಟೂ ಇದೇ ದಿನದ್ದು. ಬೆಳಗಾವಿಯ ಒಂದು ವರ್ಗದ ಮರಾಠಿ ಭಾಷಿಕರು ಇದನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಕಾಸರಗೋಡಿನ ಕನ್ನಡಿಗರಿಗೆ ಇದೇ ದಿನ ಮಂಗಳೂರಿನಿಂದ ಬೇರೆಯಾದ ನೆನಪನ್ನು ತರುತ್ತದೆ. ಒಂದೇ ದಿನ ಒಂದೆಡೆ ಕೂಡಿದ ದಿನವಾಗಿಯೂ ಇನ್ನೊಂದೆಡೆ ಅಗಲಿದ ದಿನವಾಗಿಯೂ ಉಳಿದಿರುವುದಕ್ಕೆ ಭಾವನೆಯ ಭೇದವೊಂದೇ ಕಾರಣವಲ್ಲ. ಆ ದಿನಾಂಕದಲ್ಲಿ ಬೇರೆ ಬೇರೆ ಬಗೆಯ ಘಟನೆಗಳು ಒಂದರ ಮೇಲೊಂದು ಕುಳಿತಿವೆ. ಅವುಗಳನ್ನು ಬಿಡಿಸಿ ನೋಡದೆ ಗಡಿನಾಡ ಕನ್ನಡದ ಆಧುನಿಕ ಚರಿತ್ರೆ ತಿಳಿಯಾಗುವುದಿಲ್ಲ.

ಒಂದೇ ದಿನಾಂಕಕ್ಕೆ ಸೇರಿದ ಘಟನೆಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಕೆಲವು ಆಕಸ್ಮಿಕವಾಗಿ ಕೂಡಿದವು. ಕೆಲವು ಒಂದೇ ಕಾಯಿದೆಯ ಫಲವಾಗಿ ಹಲವು ಸ್ಥಳಗಳಲ್ಲಿ ಏಕಕಾಲಕ್ಕೆ ನಡೆದವು. ಇನ್ನು ಕೆಲವನ್ನು ಹಿಂದಿನ ದಿನದ ನೆನಪು ನಿಲ್ಲಲೆಂದು ಬೇಕೆಂದೇ ಅದೇ ದಿನಕ್ಕೆ ತಂದು ಸೇರಿಸಲಾಯಿತು. ನವೆಂಬರ್ 1ರಲ್ಲಿ ಈ ಮೂರೂ ಇವೆ.

ಆಕಸ್ಮಿಕ: 1858

ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಕ್ಯಾನಿಂಗ್ ಪ್ರಭು ಅಲಹಾಬಾದಿನಲ್ಲಿ ಓದಿದ್ದು 1858ರ ನವೆಂಬರ್ 1ರಂದು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಕೊನೆಗೊಂಡು ಆಡಳಿತವು ನೇರವಾಗಿ ಬ್ರಿಟಿಷ್ ಸಿಂಹಾಸನಕ್ಕೆ ಸೇರಿತು. ಇದಕ್ಕೂ 1956ರ ರಾಜ್ಯರಚನೆಗೂ ದಿನಾಂಕದ ಮಟ್ಟಿಗೆ ಯಾವ ಸಂಬಂಧವೂ ಇಲ್ಲ. ಆದರೆ ವಿಷಯದ ಮಟ್ಟಿಗೆ ಒಂದು ಎಳೆ ಇದೆ.

ಕನ್ನಡ ಪ್ರದೇಶ ಹಂಚಿಹೋದದ್ದು 1858ಕ್ಕೆ ಎಷ್ಟೋ ಮುಂಚೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಕಂಪನಿಯ ಕೈಸೇರಿತು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಂದಿಗೆ ಬಳ್ಳಾರಿ, ಆದವಾನಿ, ರಾಯದುರ್ಗಗಳು ಮದರಾಸಿನ ಆಡಳಿತಕ್ಕೆ ಬಂದವು. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಕಡೆಯ ನಾಡು ಮುಂಬಯಿಗೆ ಸಂದಿತು. 1858ರ ಘೋಷಣೆ ಮಾಡಿದ್ದು ಈ ಹಂಚಿಕೆಯನ್ನು ಸ್ಥಿರಗೊಳಿಸುವ ಕೆಲಸವನ್ನು. ದೇಶೀಯ ಅರಸರೊಂದಿಗಿನ ಒಪ್ಪಂದಗಳನ್ನು ಪಾಲಿಸುವುದಾಗಿ ಅದು ವಚನವಿತ್ತಿತು. ಹೀಗಾಗಿ ಹೈದರಾಬಾದಿನ ಕಲಬುರಗಿ, ರಾಯಚೂರು, ಬೀದರ ಸೀಮೆಗಳೂ ಅಕ್ಕಲಕೋಟೆ, ಜತ್ತ ಮೊದಲಾದ ಸಣ್ಣ ಸಂಸ್ಥಾನಗಳೂ ಮುಂದಿನ ತೊಂಬತ್ತು ವರ್ಷ ಇದ್ದಂತೆಯೇ ಉಳಿದವು. ಬ್ರಿಟಿಷ್ ಪ್ರಾಂತಗಳ ಒಳಗೆ ಮಾತ್ರ ಆಡಳಿತದ ಅನುಕೂಲಕ್ಕೆ ತಕ್ಕಂತೆ ಗೆರೆಗಳು ಸರಿದವು. 1862ರಲ್ಲಿ ಉತ್ತರ ಕೆನರಾ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1877ರಲ್ಲಿ ಗೂಡಲೂರಿನ ಸುತ್ತಲಿನ ಆಗ್ನೇಯ ವಯನಾಡು ಮಲಬಾರಿನಿಂದ ನೀಲಗಿರಿಗೆ ಸೇರಿತು. 1882ರಲ್ಲಿ ಅನಂತಪುರ ಜಿಲ್ಲೆ ರೂಪುಗೊಂಡಾಗ ಮಡಕಶಿರಾ ಬಳ್ಳಾರಿಯಿಂದ ಬೇರೆಯಾಯಿತು. ಇವು ಯಾವುವೂ ಭಾಷೆಯನ್ನು ನೋಡಿ ಮಾಡಿದ ಮಾರ್ಪಾಡುಗಳಲ್ಲ. ಆದರೂ 1953 ಮತ್ತು 1956ರಲ್ಲಿ ಭಾಷೆಯ ಹೆಸರಿನಲ್ಲಿ ಗಡಿ ಎಳೆದವರು ಕೈಗೆತ್ತಿಕೊಂಡದ್ದು ಇದೇ ಜಿಲ್ಲೆ, ಇದೇ ತಾಲೂಕುಗಳ ನಕ್ಷೆಯನ್ನು. ಕಂದಾಯದ ಲೆಕ್ಕಕ್ಕಾಗಿ ಮಾಡಿಕೊಂಡ ಅಳತೆಯ ಘಟಕವೇ ಮುಂದೆ ಭಾಷೆಯನ್ನು ಅಳೆಯುವ ಘಟಕವಾಯಿತು.

ಏಕಕಾಲ: 1956

ರಾಜ್ಯ ಪುನರ್ವಿಂಗಡಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಅದು ಜಾರಿಗೆ ಬರಲು ಕಾಯಿದೆಯೇ ಗೊತ್ತುಪಡಿಸಿದ ದಿನ ನವೆಂಬರ್ 1. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರಿದ್ದ ಆಯೋಗವು 1955ರ ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿ ಇದರ ಹಿಂದಿತ್ತು. ವರದಿಯ ಎಲ್ಲ ಶಿಫಾರಸುಗಳನ್ನೂ ಕೇಂದ್ರ ಸರ್ಕಾರ ಹಾಗೆಯೇ ಸ್ವೀಕರಿಸಲಿಲ್ಲ. ತುಂಗಭದ್ರಾ ಯೋಜನೆಯನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಆಯೋಗ ಹೇಳಿತ್ತು. ಆ ತಾಲೂಕುಗಳು ಮೈಸೂರಿನಲ್ಲಿಯೇ ಉಳಿದವು. ಕಾಸರಗೋಡಿನ ವಿಷಯದಲ್ಲಿ ಮಾತ್ರ ಆಯೋಗದ ಮಾತೇ ನಿಂತಿತು. ತಾಲೂಕನ್ನು ಇಡಿಯಾಗಿ ತೆಗೆದುಕೊಂಡರೆ ಮಲಯಾಳಂ ಬಹುಸಂಖ್ಯಾತರ ಭಾಷೆ. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಪ್ರತ್ಯೇಕವಾಗಿ ನೋಡಬೇಕೆಂಬುದು ಕನ್ನಡಿಗರ ವಾದ. 1967ರಲ್ಲಿ ಮಹಾಜನ ಆಯೋಗ ಈ ವಾದವನ್ನು ಒಪ್ಪಿ ನದಿಯ ಉತ್ತರದ ಪ್ರದೇಶವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು; ಅದು ಜಾರಿಗೆ ಬರಲಿಲ್ಲ. ಎರಡು ಆಯೋಗಗಳ ತೀರ್ಮಾನ ಭಿನ್ನವಾಗಲು ಅವು ಆರಿಸಿಕೊಂಡ ಘಟಕದ ಗಾತ್ರವೇ ಮುಖ್ಯ ಕಾರಣ.

ನವೆಂಬರ್ 1ರಂದು ಗಡಿಯ ಉದ್ದಕ್ಕೂ ಏನು ನಡೆಯಿತೆಂಬುದನ್ನು ಪ್ರದೇಶವಾರು ನೋಡಿದರೆ ನಾಲ್ಕು ಬೇರೆ ಬೇರೆ ಅನುಭವಗಳು ಕಾಣುತ್ತವೆ.

ಮೊದಲನೆಯದು ಬೇರ್ಪಡೆ. ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂದಿತು. ಅದರ ಕಾಸರಗೋಡು ತಾಲೂಕು ಮಲಬಾರ್ ಜಿಲ್ಲೆಗೆ ಸೇರಿ ಕೇರಳದ ಭಾಗವಾಯಿತು. ಅದೇ ಜಿಲ್ಲೆಗೆ ಸೇರಿದ್ದ ಅಮಿನ್‌ದೀವಿ ದ್ವೀಪಗಳು ಕೇಂದ್ರಾಡಳಿತಕ್ಕೆ ಒಳಪಟ್ಟವು. ಆ ದಿನ ಮೈಸೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲ, ಹೈದರಾಬಾದಿನಲ್ಲಿ ನೀಲಂ ಸಂಜೀವರೆಡ್ಡಿಯವರ ಮಂತ್ರಿಮಂಡಲ, ಮುಂಬಯಿಯಲ್ಲಿ ಯಶವಂತರಾವ್ ಚವಾಣರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡವು. ಕೇರಳದಲ್ಲಿದ್ದುದು ರಾಷ್ಟ್ರಪತಿ ಆಳ್ವಿಕೆ. ಮೊದಲ ಚುನಾಯಿತ ಮಂತ್ರಿಮಂಡಲ ಬಂದದ್ದು 1957ರ ಏಪ್ರಿಲ್ 5ರಂದು. ಹೊಸ ರಾಜ್ಯಕ್ಕೆ ಸೇರಿದ ಮೊದಲ ಐದು ತಿಂಗಳು ಕಾಸರಗೋಡಿನ ಕನ್ನಡಿಗರಿಗೆ ಅಹವಾಲು ಸಲ್ಲಿಸಲು ತಮ್ಮ ಮತದಿಂದ ಆರಿಸಿಬಂದ ಸರ್ಕಾರವೇ ಇರಲಿಲ್ಲ. ಅಷ್ಟರೊಳಗೆ, 1957ರ ಜನವರಿ 1ರಂದು, ಮಲಬಾರ್ ಜಿಲ್ಲೆಯನ್ನು ಮೂರಾಗಿ ವಿಂಗಡಿಸಿದಾಗ ಕಾಸರಗೋಡು ಕಣ್ಣೂರಿಗೆ ಸೇರಿತ್ತು.

ಎರಡನೆಯದು ಜಿಲ್ಲೆಯ ಒಡಕು. ಹೈದರಾಬಾದ್ ಸಂಸ್ಥಾನದ ಕಲಬುರಗಿ ಜಿಲ್ಲೆ ಮೈಸೂರಿಗೆ ಬಂದಾಗ ಅದರ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬೀದರ ಜಿಲ್ಲೆಯಿಂದ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಮೇದಕಕ್ಕೆ ಸೇರಿದವು. ಜಹೀರಾಬಾದಿನ ನಿರ್ಣಾ ವೃತ್ತವನ್ನು ಮಾತ್ರ ಉಳಿಸಿಕೊಂಡು ಬೀದರ ತಾಲೂಕಿನ ನ್ಯಾಲಕಲ್ ವೃತ್ತವನ್ನು ಬಿಟ್ಟುಕೊಡಲಾಯಿತು. ಇಲ್ಲಿ ಗಡಿ ತಾಲೂಕಿನ ಮಟ್ಟವನ್ನೂ ದಾಟಿ ಕಂದಾಯ ವೃತ್ತದ ಮಟ್ಟಕ್ಕೆ ಇಳಿಯಿತು. ಒಂದು ಕಡೆ ತಾಲೂಕನ್ನು ಒಡೆಯಲಾಗದೆಂದ ವ್ಯವಸ್ಥೆ ಮತ್ತೊಂದು ಕಡೆ ಅದನ್ನು ಒಡೆದಿತ್ತು ಎಂಬುದನ್ನು ಕಾಸರಗೋಡಿನ ಸಂದರ್ಭದೊಡನೆ ಹೋಲಿಸಿ ನೋಡಬೇಕು.

ಮೂರನೆಯದು ಏನೂ ನಡೆಯದಿದ್ದ ಅನುಭವ. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರ ಮಾರ್ಚ್ 8ರಂದೇ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿದ್ದವು. 1956ರ ನವೆಂಬರ್ 1ರಂದು ಅವುಗಳ ರಾಜ್ಯ ಬದಲಾಗಲಿಲ್ಲ. ಬದಲಾದದ್ದು ಪಕ್ಕದ ಬಿಜಾಪುರದ ರಾಜ್ಯ. ಹಾಗೆಯೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿತು, ಅದೇ ಜಿಲ್ಲೆಯ ತಾಳವಾಡಿ ಮದರಾಸಿನಲ್ಲಿ ಉಳಿಯಿತು. ಸೇಲಂ ಜಿಲ್ಲೆಯ ಹೊಸೂರು, ನೀಲಗಿರಿ ಬೆಟ್ಟಗಳು ಇದ್ದಲ್ಲಿಯೇ ಇದ್ದವು. ವಯನಾಡಿನ ಪ್ರಸ್ಥಭೂಮಿಯಲ್ಲಿ 1877ರ ಜಿಲ್ಲಾ ಗಡಿಯೇ ರಾಜ್ಯದ ಗಡಿಯಾಗಿ, ಗೂಡಲೂರು ಮದರಾಸಿಗೂ ಉಳಿದ ಭಾಗ ಕೇರಳಕ್ಕೂ ಸಂದವು. ಕನ್ನಡ ಮಾತಿನ ಜೈನ ಗೌಡರೂ ಕನ್ನಡಕ್ಕೆ ಹತ್ತಿರದ ನುಡಿಗಳನ್ನಾಡುವ ಕುರುಂಬ ಸಮುದಾಯಗಳೂ ಇರುವ ಸೀಮೆ ಅದು.

ನಾಲ್ಕನೆಯದು ಮೊದಲೇ ಮುಗಿದುಹೋಗಿದ್ದ ಅನುಭವ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳ ಭವಿಷ್ಯ ತೀರ್ಮಾನವಾದದ್ದು 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದಾಗ. ಬಳ್ಳಾರಿ ಜಿಲ್ಲೆಯ ಈ ಮೂರು ತಾಲೂಕುಗಳು ಆಂಧ್ರಕ್ಕೆ ಹೋದ ದಿನವೇ ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿಗೆ ಅದು ಏಕೀಕರಣದ ಮೊದಲ ದಿನ, ಆದವಾನಿಗೆ ಅದೇ ಅಗಲಿಕೆಯ ದಿನ. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಆ ಜಿಲ್ಲೆಯೊಂದಿಗೆ ಆಂಧ್ರಕ್ಕೆ ಸೇರಿತು. ಈ ಸೀಮೆಯ ಕನ್ನಡಿಗರ ನೆನಪನ್ನು ನವೆಂಬರ್ 1ಕ್ಕೆ ಕಟ್ಟಿಹಾಕುವುದು ಚರಿತ್ರೆಯ ದೃಷ್ಟಿಯಿಂದ ಸರಿಯಾಗದು. ಗೋವೆಯ ಸಂಗತಿಯಂತೂ ಈ ಲೆಕ್ಕದ ಹೊರಗಿನದು. 1956ರಲ್ಲಿ ಅದು ಪೋರ್ಚುಗೀಸರ ಆಡಳಿತದಲ್ಲಿತ್ತು. ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್ 19ರಂದು.

ಬಹುಭಾಷಾ ರಾಜ್ಯಗಳ ಅಂತ್ಯ

ಈ ನಾಲ್ಕು ಅನುಭವಗಳ ನಡುವೆ ಸಾಮಾನ್ಯವಾದ ಒಂದು ಸಂಗತಿ ಇದೆ, ಅದಕ್ಕೆ ದೊರೆಯಬೇಕಾದ ಗಮನ ದೊರೆತಿಲ್ಲ. 1956ಕ್ಕೆ ಮುನ್ನ ಕನ್ನಡವು ಮುಂಬಯಿ ರಾಜ್ಯದಲ್ಲಿ ಮರಾಠಿ, ಗುಜರಾತಿಗಳೊಡನೆ ಒಂದು ಪ್ರಧಾನ ಭಾಷೆ. ಹೈದರಾಬಾದಿನಲ್ಲಿ ತೆಲುಗು, ಮರಾಠಿಗಳೊಡನೆ ಒಂದು ಪ್ರಾದೇಶಿಕ ಭಾಷೆ. ಮದರಾಸಿನಲ್ಲಿ 1953ರವರೆಗೆ ತಮಿಳು, ತೆಲುಗು, ಮಲಯಾಳಗಳ ಜೊತೆಯ ನಾಲ್ಕನೆಯ ಭಾಷೆ. ಈ ಮೂರೂ ಆಡಳಿತಗಳಲ್ಲಿ ಕನ್ನಡಿಗರು ಸಂಖ್ಯೆಯಲ್ಲಿ ಕಡಿಮೆಯಿದ್ದರು, ಅವರ ದೂರುಗಳೂ ಸಣ್ಣವಾಗಿರಲಿಲ್ಲ. ಏಕೀಕರಣದ ಚಳವಳಿ ಹುಟ್ಟಿದ್ದೇ ಆ ಕಡೆಗಣನೆಯಿಂದ. ಆದರೂ ಯಾವ ಒಂದು ಭಾಷೆಯೂ ರಾಜ್ಯದ ಹೆಸರಿನೊಂದಿಗೆ ಒಂದಾಗಿರಲಿಲ್ಲ. ಸೊಲ್ಲಾಪುರದ ಕನ್ನಡ ಶಾಲೆಗೂ ಧಾರವಾಡದ ಕನ್ನಡ ಶಾಲೆಗೂ ಇದ್ದದ್ದು ಒಂದೇ ವಿದ್ಯಾ ಇಲಾಖೆ. ಅಕ್ಕಲಕೋಟೆಯ ಮಾತಿಗೆ ಮುಂಬಯಿ ವಿಧಾನಸಭೆಯಲ್ಲಿ ಬಿಜಾಪುರ, ಬೆಳಗಾವಿ, ಧಾರವಾಡಗಳ ಪ್ರತಿನಿಧಿಗಳ ಬೆಂಬಲ ದೊರೆಯುವ ಅವಕಾಶವಿತ್ತು. ತಾಳವಾಡಿ ಮತ್ತು ಹೊಸೂರಿಗೆ ಮದರಾಸಿನಲ್ಲಿ ದಕ್ಷಿಣ ಕನ್ನಡದ ಜೊತೆಯಿತ್ತು.

ನವೆಂಬರ್ 1ರಂದು ಈ ಬಲ ಒಮ್ಮೆಲೇ ತಪ್ಪಿತು. ಮುಂಬಯಿ ದ್ವಿಭಾಷಾ ರಾಜ್ಯವಾಯಿತು, 1960ರ ಮೇ 1ರಂದು ಅದೂ ಒಡೆದು ಮಹಾರಾಷ್ಟ್ರ ಹುಟ್ಟಿತು. ಮದರಾಸು ತಮಿಳು ರಾಜ್ಯವಾಗಿ ಉಳಿಯಿತು. ಹೈದರಾಬಾದ್ ರಾಜ್ಯ ಇಲ್ಲವಾಯಿತು. ಕನ್ನಡ ಒಂದು ರಾಜ್ಯವನ್ನು ಪಡೆದ ದಿನವೇ ಅದು ಪಾಲುದಾರನಾಗಿದ್ದ ಬಹುಭಾಷಾ ರಾಜ್ಯಗಳನ್ನು ಕಳೆದುಕೊಂಡಿತು. ಗಡಿಯ ಒಳಗಿನವರಿಗೆ ಲಾಭದ ಭಾಗವೂ ಹೊರಗಿನವರಿಗೆ ನಷ್ಟದ ಭಾಗವೂ ದೊರೆತವು. ಇದು ಯಾರ ಸಂಚೂ ಅಲ್ಲ, ಭಾಷಾವಾರು ತತ್ತ್ವದ ಸಹಜ ಪರಿಣಾಮ. ಅದೇ ತತ್ತ್ವ ಮೈಸೂರಿನೊಳಗಿನ ಮರಾಠಿ, ತೆಲುಗು, ಮಲಯಾಳಂ, ತಮಿಳು ಭಾಷಿಕರನ್ನೂ ಅದೇ ಸ್ಥಿತಿಗೆ ತಂದಿತು. ಬೆಳಗಾವಿಯ ಕರಾಳ ದಿನ ಮತ್ತು ಕಾಸರಗೋಡಿನ ಅಸಮಾಧಾನ ರಾಜಕೀಯವಾಗಿ ಎದುರುಬದುರಾಗಿ ಕಂಡರೂ ಹುಟ್ಟಿನಿಂದ ಒಂದೇ ಕಾಯಿದೆಯ ಮಕ್ಕಳು.

ಅದೇ ದಿನದ ಇನ್ನೊಂದು ಕಾಯಿದೆ

ಪುನರ್ವಿಂಗಡಣಾ ಕಾಯಿದೆಯ ಜೊತೆಗೆ ಅಂದು ಜಾರಿಗೆ ಬಂದ ಮತ್ತೊಂದು ಶಾಸನ ಸಂವಿಧಾನದ ಏಳನೆಯ ತಿದ್ದುಪಡಿ. ರಾಜಪ್ರಮುಖರ ಸ್ಥಾನವನ್ನು, 'ಎ', 'ಬಿ', 'ಸಿ' ಎಂಬ ರಾಜ್ಯಗಳ ವರ್ಗೀಕರಣವನ್ನು ರದ್ದುಮಾಡಿದ ತಿದ್ದುಪಡಿಯೆಂದೇ ಅದು ಹೆಚ್ಚು ಪ್ರಸಿದ್ಧ. ಆದರೆ ಅದು ಸಂವಿಧಾನಕ್ಕೆ 350ಎ ಮತ್ತು 350ಬಿ ಎಂಬ ಎರಡು ಅನುಚ್ಛೇದಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದೆಂದು ಮೊದಲನೆಯದು ವಿಧಿಸುತ್ತದೆ. ಇಂಥ ರಕ್ಷಣೆಗಳ ಬಗ್ಗೆ ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಸಲ್ಲಿಸಲು ವಿಶೇಷ ಅಧಿಕಾರಿಯನ್ನು ನೇಮಿಸಬೇಕೆಂದು ಎರಡನೆಯದು ಹೇಳುತ್ತದೆ; ಆ ವರದಿ ಸಂಸತ್ತಿನ ಮುಂದೆ ಬರಬೇಕು, ಸಂಬಂಧಪಟ್ಟ ರಾಜ್ಯಗಳಿಗೂ ಹೋಗಬೇಕು. 1957ರಲ್ಲಿ ಈ ಅಧಿಕಾರಿಯ ಕಚೇರಿ ಆರಂಭವಾದದ್ದು ಅಲಹಾಬಾದಿನಲ್ಲಿ, 1858ರ ಘೋಷಣೆಯನ್ನು ಕೇಳಿದ್ದ ಅದೇ ನಗರದಲ್ಲಿ.

ಭಾಷಾ ಅಲ್ಪಸಂಖ್ಯಾತರ ಹಿತರಕ್ಷಣೆ ಕುರಿತು 1956ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನಪತ್ರ ಈ ವಿಧಿಗಳಿಗೆ ಅಂಕಿಗಳ ರೂಪ ಕೊಟ್ಟಿತು. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಶಿಕ್ಷಕರನ್ನು ಒದಗಿಸಬೇಕೆಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ. ಜ್ಞಾಪನಪತ್ರ ಅದನ್ನು ಮುಂದುವರಿಸಿತು. ಜಿಲ್ಲೆಯೊಂದರಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಜನ ರಾಜ್ಯದ ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಆ ಭಾಷೆಗೆ ಜಿಲ್ಲಾಡಳಿತದಲ್ಲಿ ಸ್ಥಾನ, ಶೇಕಡಾ 15ರಿಂದ 20ರಷ್ಟಿದ್ದಲ್ಲಿ ಮುಖ್ಯ ಪ್ರಕಟಣೆಗಳ ಅನುವಾದ ಎಂಬ ಮಾನದಂಡಗಳೂ ಅದರಲ್ಲಿದ್ದವು. 1969ರ ಕೇರಳ ರಾಜಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಭಾಷಿಕರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ನೀಡಿದ್ದು ಇದೇ ಹಾದಿಯಲ್ಲಿ.

ಈ ರಕ್ಷಣೆಯ ಶಕ್ತಿಯೂ ದೌರ್ಬಲ್ಯವೂ ಅಂಕಿಯಲ್ಲಿಯೇ ಇವೆ. 'ಪ್ರಯತ್ನಿಸತಕ್ಕದ್ದು' ಎಂಬ ಪದ ಆಜ್ಞೆಗಿಂತ ಮೆದುವಾದದ್ದು. ತರಗತಿಯ ಕನ್ನಡ ಮಕ್ಕಳು 10ರಿಂದ 9ಕ್ಕೆ ಇಳಿದರೆ ಹಕ್ಕಿನ ಆಧಾರವೇ ಸಡಿಲವಾಗುತ್ತದೆ. ಶೇಕಡಾವಾರು ಲೆಕ್ಕದ ಘಟಕ ಜಿಲ್ಲೆಯಾದರೆ ಅಕ್ಕಲಕೋಟೆಯ ಕನ್ನಡ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಮಡಕಶಿರಾದ ಕನ್ನಡ ಅಂದಿನ ಅನಂತಪುರ ಜಿಲ್ಲೆಯಲ್ಲಿಯೂ ಕರಗಿಹೋಗುತ್ತಿತ್ತು. ಗಡಿ ಎಳೆಯುವಾಗ ಕಾಡಿದ ಘಟಕದ ಪ್ರಶ್ನೆ ಹಕ್ಕನ್ನು ಅಳೆಯುವಾಗಲೂ ಹಿಂಬಾಲಿಸಿತು. ಆದರೂ ಒಂದು ಮಾತು ನಿಜ: ಗಡಿಯ ಹೊರಗೆ ಉಳಿದ ಕನ್ನಡಿಗರಿಗೆ 1956ರ ನವೆಂಬರ್ 1 ಕೊಟ್ಟದ್ದು ಇದೊಂದನ್ನೇ. ವಿಲೀನದ ಬೇಡಿಕೆ ಆಯೋಗಗಳ ಕಡತದಲ್ಲಿ ಉಳಿಯಿತು. ಶಾಲೆಯ, ಶಿಕ್ಷಕರ, ಪಠ್ಯಪುಸ್ತಕದ ಬೇಡಿಕೆಗೆ ಮಾತ್ರ ಅಂದಿನಿಂದ ಸಂವಿಧಾನದ ಆಧಾರವಿದೆ.

ಸ್ಮರಣೆ: 1973 ಮತ್ತು ಅನಂತರ

ಮೂರನೆಯ ಬಗೆಯ ಘಟನೆ ಉದ್ದೇಶಪೂರ್ವಕವಾದದ್ದು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ದಿನ ಲಕ್ಕದೀವ, ಮಿನಿಕಾಯ್, ಅಮಿನ್‌ದೀವಿ ಎಂಬ ಮೂರು ಹೆಸರಿನ ಕೇಂದ್ರಾಡಳಿತ ಪ್ರದೇಶ ಲಕ್ಷದ್ವೀಪವೆಂಬ ಒಂದೇ ಹೆಸರನ್ನು ಪಡೆಯಿತು. ದಕ್ಷಿಣ ಕನ್ನಡ ಜಿಲ್ಲೆಯಿಂದ ನವೆಂಬರ್ 1ರಂದು ಬೇರೆಯಾದ ಅಮಿನ್‌ದೀವಿಯ ಹೆಸರು ಹದಿನೇಳು ವರ್ಷದ ನಂತರ ನವೆಂಬರ್ 1ರಂದೇ ಆಡಳಿತದ ಶಿರೋನಾಮೆಯಿಂದಲೂ ಹೋಯಿತು. ವಯನಾಡು ಕೇರಳದ ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು.

ಕರ್ನಾಟಕವೆಂಬ ಹೆಸರು ಬಂದದ್ದರಿಂದ ಗಡಿಯಾಚೆಯವರ ಮಟ್ಟಿಗೆ ಒಂದು ಸೂಕ್ಷ್ಮ ಬದಲಾವಣೆಯಾಯಿತು. ಹಿಂದೆ ಕರ್ನಾಟಕವೆಂದರೆ ಕನ್ನಡ ಬಾಳುವ ಸೀಮೆ. ಅಕ್ಕಲಕೋಟೆಯೂ ಆದವಾನಿಯೂ ಅದರೊಳಗೆ ಸೇರಬಹುದಿತ್ತು. ರಾಜ್ಯಕ್ಕೇ ಆ ಹೆಸರಾದ ಮೇಲೆ ಅವು ಕರ್ನಾಟಕದ ಹೊರಗಾದವು. 'ಹೊರನಾಡ ಕನ್ನಡಿಗ' ಎಂಬ ಪದ ದುಡಿಮೆಗಾಗಿ ದೂರದ ನಗರಕ್ಕೆ ವಲಸೆ ಹೋದವನಿಗೂ, ಅಜ್ಜ ಮುತ್ತಜ್ಜಂದಿರ ಹೊಲದಲ್ಲಿಯೇ ಉಳಿದವನಿಗೂ ಸಮನಾಗಿ ಅನ್ವಯವಾಗತೊಡಗಿತು. ಮೊದಲನೆಯವನು ಗಡಿ ದಾಟಿದವನು. ಎರಡನೆಯವನನ್ನು ಗಡಿಯೇ ದಾಟಿತು. ನೀತಿ ರೂಪಿಸುವಾಗ ಈ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟರೆ ಎರಡನೆಯವರ ನೆಲಮೂಲದ ಹಕ್ಕು ಮರೆಯಾಗುತ್ತದೆ.

ದಿನಾಂಕಗಳನ್ನು ಆರಿಸಿಕೊಳ್ಳುವ ಅಧಿಕಾರ ಸರ್ಕಾರಗಳಲ್ಲಿರುವುದರಿಂದ ಅವು ಬದಲಾಗುತ್ತಲೂ ಇರುತ್ತವೆ. ತಮಿಳುನಾಡು 2019ರಲ್ಲಿ ನವೆಂಬರ್ 1ನ್ನು ತಮಿಳುನಾಡು ದಿನವೆಂದು ಆಚರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟು, 1967ರಲ್ಲಿ ಹೆಸರು ಬದಲಾವಣೆಯ ನಿರ್ಣಯ ಅಂಗೀಕಾರವಾದ ಜುಲೈ 18ನ್ನು ಆರಿಸಿಕೊಂಡಿತು. ತೆಲಂಗಾಣಕ್ಕೆ 2014ರ ಜೂನ್ 2 ರಾಜ್ಯೋದಯದ ದಿನವಾದ ಮೇಲೆ ತಾಂಡೂರು, ಕೊಡಂಗಲ್‌ಗಳಲ್ಲಿ ನವೆಂಬರ್ 1 ಸರ್ಕಾರಿ ಹಬ್ಬವಾಗಿ ಉಳಿದಿಲ್ಲ.

ಆದುದರಿಂದ ಗಡಿನಾಡ ಕನ್ನಡದ ಚರಿತ್ರೆಯನ್ನು ಬರೆಯುವವರು ರಾಜಧಾನಿಗಳ ಹಬ್ಬದ ದಿನವನ್ನು ಎರವಲು ಪಡೆಯದೆ ಪ್ರತಿ ಸೀಮೆಗೂ ಅದರದೇ ಕಾಲರೇಖೆಯನ್ನು ಹಾಕಿಕೊಳ್ಳಬೇಕಾಗುತ್ತದೆ. ಆದವಾನಿ, ರಾಯದುರ್ಗಗಳ ರೇಖೆ 1953ರ ಅಕ್ಟೋಬರ್ 1ರ ಸುತ್ತ ತಿರುಗುತ್ತದೆ. ಅಕ್ಕಲಕೋಟೆ, ಜತ್ತಗಳದು 1948ರ ಮಾರ್ಚ್ 8 ಮತ್ತು 1960ರ ಮೇ 1ರ ಸುತ್ತ. ಕಾಸರಗೋಡಿನದು 1956ರ ನವೆಂಬರ್ 1ರಿಂದ ಆರಂಭವಾಗಿ 1957ರ ಜನವರಿ 1ನ್ನು ಹಾದು, ಅದು ಸ್ವತಂತ್ರ ಜಿಲ್ಲೆಯಾದ 1984ರ ಮೇ 24ಕ್ಕೆ ಬರುತ್ತದೆ. ತಾಂಡೂರಿನದರಲ್ಲಿ ರಾಜ್ಯ ಎರಡು ಬಾರಿ ಬದಲಾಗಿದೆ. ಈ ಎಲ್ಲ ರೇಖೆಗಳೂ ಒಂದೆಡೆ ಮಾತ್ರ ಕೂಡುತ್ತವೆ: 350ಎ ಅನುಚ್ಛೇದ ಜಾರಿಗೆ ಬಂದ ದಿನದಲ್ಲಿ. ಆ ದಿನಕ್ಕೆ ಯಾವ ರಾಜಧಾನಿಯಲ್ಲಿಯೂ ಮೆರವಣಿಗೆಯಿಲ್ಲ. ತಾಳವಾಡಿಯಲ್ಲಾಗಲಿ ಮಂಜೇಶ್ವರದಲ್ಲಾಗಲಿ ಕನ್ನಡ ಶಾಲೆಯ ಹಾಜರಿ ಪುಸ್ತಕ ತೆರೆದಿರುವಷ್ಟು ಕಾಲ ಅದರ ಆಚರಣೆ ನಡೆಯುತ್ತಿರುತ್ತದೆ.